ಹೂಂಗುಟ್ಟದೆ ನಿಂತ ಕತೆ

ಮೈಸೂರಿನಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿದ್ದ ಲಿಂಗರಾಜುವಿಗೆ ಮಾಯಾಮಂತ್ರದ ಕತೆಗಳೆಂದರೆ ಪ್ರಾಣ. ಅವನೊಬ್ಬನೇ ಅಲ್ಲ, ಎರಡು ಸಾವಿರದ ನಾಲ್ಕರ ಹೊತ್ತಿಗೆ ಆ ಧಂದೆಯ ದೊಡ್ಡವರಿಗೆಲ್ಲ ಇದೇ ಹುಚ್ಚು. ಹೇಳಿದ ಕೆಲಸವನ್ನು ಕ್ಷಣದಲ್ಲಿ ಮಾಡುವ ಭೂತದ ಹೆಸರನ್ನು ಒಬ್ಬ ತನ್ನ ಕಂಪನಿಗೇ ಇಟ್ಟಿದ್ದ. ಕೆಲಸ ಮುಗಿದರೆ ಭೂತ ಯಜಮಾನನನ್ನೇ ನುಂಗುತ್ತದೆ ಅನ್ನುವುದನ್ನು ಮಾತ್ರ ಪುಣ್ಯಾತ್ಮ ಮರೆತಿದ್ದ. ತಮಗೆ ಬೇಕಾದಷ್ಟು ಕೇಳಿ ಎದ್ದುಹೋಗುವುದು ದೊಡ್ಡವರ ಚಾಳಿ.

ಲಿಂಗರಾಜು ಹಿಡಿದುಕೊಂಡದ್ದು ಮಾಯದ ಕನ್ನಡಿಯನ್ನು. ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ಬೇಸಿಗೆ ರಜೆ ಕಳೆಯುವಾಗ ಅವನ ತಾಯಿಯ ಅಕ್ಕ, ದೊಡ್ಡಮ್ಮ, ಹೇಳಿದ್ದ ಕತೆ ಅದು. ರಾಜನಿಗೊಂದು ಕನ್ನಡಿ ಸಿಕ್ಕಿತು, ಕೂತಲ್ಲೇ ಎಲ್ಲರ ಮನೆಯೊಳಗನ್ನೂ ನೋಡಿದ, ಕಳ್ಳರನ್ನೆಲ್ಲ ಹಿಡಿದ. ಅದೇ ಹೆಸರಿನಲ್ಲಿ ಲಿಂಗರಾಜು ಒಂದು ಪ್ರೋಗ್ರಾಂ ಮಾಡಿಸಿದ್ದ. ಕೆಲಸಗಾರರು ಕಂಪ್ಯೂಟರಿನಲ್ಲಿ ಏನು ಮಾಡಿದರೂ ಅವನ ಕೋಣೆಯಲ್ಲಿ ಕಾಣುವಂಥದ್ದು. ಸೋಮವಾರ ಅದು ಶುರುವಾಗಬೇಕು.

"ನಮ್ಮನ್ನ ನಂಬದ ಕಡೆ ನಾನಿರಲ್ಲ ಸರ್," ಅಂದಿದ್ದಳು ವಾಣಿಶ್ರೀ. ಕಂಪನಿ ಒಂದು ಗ್ಯಾರೇಜಿನಲ್ಲಿದ್ದಾಗಿನಿಂದ ಅವನ ಬೆನ್ನಿಗೆ ನಿಂತವಳು. ಅವಳು ಹೋದರೆ ಅರ್ಧ ಕಂಪನಿ ಹೋದಂತೆಯೇ ಅಂತ ಗೊತ್ತಿದ್ದೂ ಅವನು ಪಟ್ಟು ಬಿಡಲಿಲ್ಲ.

ಭಾನುವಾರ ದೊಡ್ಡಮ್ಮನ ಆಶೀರ್ವಾದಕ್ಕೆಂದು ಹೋದ. ಅವಳು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತು ಹಸಿ ಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದಳು. ಕನ್ನಡಿಯ ಸಂಗತಿ ಕೇಳಿದ್ದೇ ದಾರ ಹಿಡಿದ ಕೈ ನಿಂತಿತು.

"ಆ ಕತೆ ಮುಗುದೇ ಇಲ್ವಲ್ಲೋ ಮಗ! ಅರ್ಧಕ್ಕೇ ಊಂಗುಟ್ಟೋದ ನಿಲ್ಸಿ ನಿದ್ದೆ ಓಗ್ಬುಡ್ತಿದ್ದೆ. ಊಂ ಅನ್ನೋರಿಲ್ದೆ ಗ್ವಾಡೆಗೆ ಏಳಾಕಾಯ್ತದಾ ಕತೆಯ?"

ಲಿಂಗರಾಜು ಪೆಚ್ಚಾದ. ತಾನು ನಿದ್ದೆ ಹೋದಲ್ಲಿಗೇ ಕತೆ ಮುಗಿಯಿತೆಂದು ಇಷ್ಟು ವರ್ಷ ನಂಬಿದ್ದ. ಅಂಗಿಯ ತೋಳು ಮಡಚಿ, ಸೊಪ್ಪಿನ ರಾಶಿಯ ಪಕ್ಕ ಕೂತು, "ಈಗ ಹೇಳು ದೊಡ್ಡಮ್ಮ," ಅಂದ.

"ರಾಜ ನೋಡ್ತಾವ್ನೆ ಅಂತ ಜನಕ್ಕೆ ಗೊತ್ತಾಯ್ತು."

"ಹೂಂ."

"ಜಗಳಾಡೋದ ಬುಟ್ರು. ಜೋರಾಗಿ ನಗೋದ್ನೂ ಬುಟ್ರು. ಕೊನೆಗೆ ರಾಣಿನೂ ಗ್ವಾಡೆ ಕಡೆ ಮೊಕ ತಿರುಗಿಸ್ಕೊಂಡು ಕೂತ್ಲು. ಕನ್ನಡೀಲಿ ಎಲ್ರ ಬೆನ್ನೇ ಕಣಪ್ಪ, ಒಂದು ಮೊಕನೂ ಕಾಣಾಕಿಲ್ಲ."

ಲಿಂಗರಾಜುವಿಗೆ ವಾಣಿಶ್ರೀಯ ಮಾತು ನೆನಪಾಯಿತು. ದೊಡ್ಡಮ್ಮ ಸೊಪ್ಪು ಕಟ್ಟುತ್ತಾ ಕಾದಳು. ಹೂಂ ಬಾರದೆ ಅವಳು ಮುಂದಕ್ಕೆ ಹೋಗುವವಳಲ್ಲ.

"ಹೂಂ," ಅಂದ ಕಡೆಗೆ.

"ರಾಜ ಕನ್ನಡಿ ಮ್ಯಾಲೆ ಕಂಬ್ಳಿ ಮುಚ್ಬುಟ್ಟು ಎದ್ದೋದ. ರಾಣಿ ಬಾಗ್ಲ ತಟ್ಟಿ, ಒಳೀಕೆ ಬರ್ಲಾ ಅಂತ ಕೇಳ್ದ. ಅಷ್ಟೇಯ ಕತೆ."

"ರಾಣಿ ಏನಂದ್ಲು?"

"ಅದು ತಟ್ದೋನಿಗೇ ಗೊತ್ತು ಬುಡು."

ಸೊಪ್ಪಿನ ಅಂಟು ಹಿಡಿದು ಕಪ್ಪಾಗಿದ್ದ ಅವಳ ಎರಡೂ ಕೈಗಳನ್ನು ಲಿಂಗರಾಜು ಕಣ್ಣಿಗೊತ್ತಿಕೊಂಡ. ನಿದ್ದೆಗಣ್ಣಿನ ಹುಡುಗನ ಪಾಲಿನ ಕತೆಯನ್ನು ಈ ಮುದುಕಿ ಇನ್ನೂ ಎತ್ತಿಟ್ಟುಕೊಂಡಿದ್ದಳಲ್ಲ! ತನ್ನಂಥ ಅದೃಷ್ಟವಂತ ಯಾರು ಅನ್ನಿಸಿತು. "ಅಂಟಾಯ್ತದೆ ಬುಡ್ಲಾ," ಅಂತ ಅವಳು ಗದರಿದರೂ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ವಾಣಿಶ್ರೀ ಬಾಗಿಲು ಹಾಕಿಕೊಂಡು ತನ್ನ ಮೇಜು ಖಾಲಿ ಮಾಡುತ್ತಿದ್ದಳು. ಆ ಕಂಪನಿಯಲ್ಲಿ ಎಂದೂ ಯಾವ ಬಾಗಿಲನ್ನೂ ತಟ್ಟದ ಲಿಂಗರಾಜು ಹೊರಗೆ ನಿಂತು ತಟ್ಟಿದ.

"ಕನ್ನಡಿ ತೆಗೆಸಿಬಿಟ್ಟೆ ವಾಣಿಶ್ರೀ. ತಪ್ಪಾಯ್ತು. ಒಳಗೆ ಬರಲಾ?"

ಒಳಗೆ ಸಾಮಾನು ಜೋಡಿಸುವ ಸದ್ದು ನಿಂತಿತು. ಅವನು ಕಾದ.

"ಹೂಂ," ಅಂದಳು ವಾಣಿಶ್ರೀ.