ಜಾಸ್‌ನ ಮೂರು ಪ್ರಶ್ನೆ

ಅಣ್ಣನ ಕಾಲು ತಿಕ್ಕಿ ಕೈಗೆ ಅಂಟಿದ ನೋವಿನೆಣ್ಣೆಯ ವಾಸನೆ ಹೋಗುತ್ತಲೇ ಇಲ್ಲ, ಸೋಮವಾರ ಶಾಲೆಯಲ್ಲಿ ಮಕ್ಕಳ ಮುಂದೆ ಹೇಗೆ ನಿಲ್ಲಲಿ ಎಂದು ಎನಿಡ್ ಬೆಳಿಗ್ಗೆ ದಿನಚರಿಯಲ್ಲಿ ಬರೆದಿಟ್ಟಿದ್ದಳು. ಬರೆಯಬೇಕಾದದ್ದು ಅದಲ್ಲವೆಂದು ಗೊತ್ತಿತ್ತು. ಕಳೆದ ಶನಿವಾರದ ರಗ್ಬಿ ಆಟದಲ್ಲಿ ಯಾರದೋ ಮೊಣಕಾಲು ತಲೆಗೆ ಬಡಿದಾಗಿನಿಂದ ಅಣ್ಣ ಕ್ಲೆಮೆಂಟ್ ಸರಿಯಿರಲಿಲ್ಲ. ಬುಧವಾರ ಚಹಾದ ಕಪ್ಪು ಕೈಯಲ್ಲಿ ಹಿಡಿದು, ಅದನ್ನೇನು ಮಾಡಬೇಕೆಂದು ತೋಚದೆ ಆರುವವರೆಗೂ ಕೂತಿದ್ದ.

ಈಗ ಮಧ್ಯಾಹ್ನ. ಕ್ಲಬ್ಬಿನ ಅಧ್ಯಕ್ಷ, ಕಸಾಯಿ ಅಂಗಡಿಯ ಸಗ್ಡನ್, ಕಾಗದದಲ್ಲಿ ಸುತ್ತಿದ ಮಾಂಸವನ್ನು ಅಡುಗೆಮನೆಯ ಮೇಜಿನ ಮೇಲೆ ಹಾಕಿ, ಅದೇ ಕೈಯಿಂದ ಕ್ಲೆಮೆಂಟನ ತೊಡೆ ಹಿಸುಕಿ ನೋಡಿದ.

"ಎಂಥಾ ತೊಡೆ ನೋಡಮ್ಮಾ! ಒಂಬತ್ತು ವರ್ಷದ ಹಿಂದೆ ಗಣಿಯೊಳಗೆ ಕಲ್ಲಿದ್ದಲು ಕೆರೀತಿದ್ದ, ನಾನೇ ಎತ್ಕೊಂಡು ಬಂದೆ. ಇವತ್ತು ಆಸ್ಟ್ರೇಲಿಯಾಕ್ಕೆ ಹೋಗೋ ತಂಡ ಆರಿಸೋರು ಬರ್ತಿದಾರೆ!"

ಅಮ್ಮ ಹಿಗ್ಗಿ ನಕ್ಕಳು. ಕಾಗದದಿಂದ ಜಿನುಗಿದ ರಕ್ತ ಬ್ರೆಡ್ಡಿನ ತಟ್ಟೆಯವರೆಗೆ ಹರಿದಿತ್ತು. ಎನಿಡ್ ತಟ್ಟೆಯನ್ನು ಆಚೆ ಸರಿಸಿದಳು.

ತರಬೇತುದಾರ ಜಾಸ್ ಕುರ್ಚಿ ಎಳೆದುಕೊಂಡು ಕ್ಲೆಮೆಂಟನ ಎದುರು ಕೂತ. ತಲೆಗೆ ಪೆಟ್ಟು ಬಿದ್ದವನು ಅವನ ಮೂರು ಪ್ರಶ್ನೆಗೆ ಉತ್ತರ ಹೇಳಿದರೆ ಆಟಕ್ಕೆ, ಇಲ್ಲದಿದ್ದರೆ ಮನೆಗೆ. ಪ್ರಶ್ನೆಗಳು ಎಂದೂ ಬದಲಾದದ್ದಿಲ್ಲ. ಬೀದಿಯ ಹೆಂಗಸರಿಗೂ ಬಾಯಿಗೆ ಬರುತ್ತಿದ್ದವು.

"ಇವತ್ತು ಯಾವ ವಾರ, ಕ್ಲೆಮ್?"

"ಶನಿವಾರ."

"ಯಾರ ಮೇಲೆ ಆಟ?"

"ಥಾರ್ನ್‌ಬಿ."

"ಹೋದ ವಾರ ಎಷ್ಟೆಷ್ಟು?"

"ಹನ್ನೊಂದು, ಐದು."

ಮಗ್ಗಿ ಒಪ್ಪಿಸಿದಂತಿತ್ತು. ಒಪ್ಪಿಸಿ, ಶಹಭಾಸ್ ಎನ್ನಲಿ ಎಂದು ಕಾಯುವ ಮಗುವಿನಂತೆ ಅವನು ತಂಗಿಯ ಮುಖ ನೋಡಿದ.

"ಏನು ಟೀಚರಮ್ಮಾ," ಸಗ್ಡನ್ ನಕ್ಕ, "ನಿನ್ನ ಕ್ಲಾಸಿನ ಮಕ್ಕಳು ಇಷ್ಟು ಚೆನ್ನಾಗಿ ಹೇಳ್ತಾವಾ?"

ಎನಿಡ್ ತಲೆ ತಗ್ಗಿಸಿದಳು. ಜೀವಮಾನದ ಆಸೆ ಕಣೇ ಅವನದು, ಎಂದು ಅಮ್ಮ ಗೋಗರೆದಿದ್ದಳು. ಸಗ್ಡನ್ನನ ದಪ್ಪ ಬೆರಳುಗಳಿಗಿಂತ ಮಡಿಲಲ್ಲಿದ್ದ ತನ್ನ ಬೆರಳುಗಳೇ ಈಗ ಅವಳಿಗೆ ಅಸಹ್ಯವಾಗಿ ಕಂಡವು.

"ಗಟ್ಟಿ ಆಳು," ಎಂದು ಜಾಸ್ ಎದ್ದ. "ನಡಿ, ಬೂಟೆಲ್ಲಿ?"

"ಶನಿವಾರ," ಎಂದ ಕ್ಲೆಮೆಂಟ್.

ಜಾಸ್ ಸಗ್ಡನ್ನನ ಮುಖ ನೋಡಿದ.

"ತಮಾಷೆ ಮಾಡ್ತಾನೆ ಕಳ್ಳ!" ಸಗ್ಡನ್ ಅವನ ಬೆನ್ನು ತಟ್ಟಿದ. "ಬೂಟು ಬಾಗಿಲ ಹಿಂದೆ ಇದೆ, ತಗೊಳ್ಳಯ್ಯ ಜಾಸ್. ಹೊತ್ತಾಯ್ತು."

ಜಾಸ್ ಬಗ್ಗಿದ. ಅಮ್ಮ ಎನಿಡಳ ತೋಳು ಹಿಡಿದಳು, ಉಗುರು ನಾಟುವಷ್ಟು ಬಿಗಿಯಾಗಿ.

"ಜಾಸ್ ಮಾಮ," ಎಂದಳು ಎನಿಡ್. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಆ ಮೂರೂ ಉತ್ತರ ಅವನದಲ್ಲ. ಎರಡು ದಿನ ಕೂರಿಸಿ ನಾನು ಬಾಯಿಪಾಠ ಮಾಡಿಸಿದ್ದು."