ಹಿಡಿಕೆಯಿಲ್ಲದ ಗೋಡೆ

ನಮ್ಮ ಒಳಾಂಗಣ ವಿನ್ಯಾಸದ ಸ್ಟುಡಿಯೋದಲ್ಲಿ ಇದ್ದದ್ದು ಮೂವರು ಗೆಳತಿಯರು. ಮೂವರಿಗೂ ಬಾಗಿಲ ಹಿಡಿಕೆ ಕಂಡರಾಗದು. ಹಾಗಾಗಿ ನಮಗೆ ಕೆಲಸ ಸಿಕ್ಕ ಮೊದಲ ಅಪಾರ್ಟ್‌ಮೆಂಟಿನ ಹಜಾರಕ್ಕೆ ಹದಿನಾಲ್ಕು ಬೂದು ಹಲಗೆಗಳ ಗೋಡೆ ಮಾಡಿದೆವು. ಒಂದರ ಹಿಂದೆ ಚಪ್ಪಲಿ, ಒಂದರ ಹಿಂದೆ ಇಸ್ತ್ರಿಪೆಟ್ಟಿಗೆ, ಒಂದರ ಹಿಂದೆ ಬಾತ್‌ರೂಮ್, ಉಳಿದವು ಬರೀ ಗೋಡೆ. ಒತ್ತಿದರೆ ತೆರೆದುಕೊಳ್ಳುತ್ತದೆ. ಎಲ್ಲಿ ಒತ್ತಬೇಕೆಂಬುದು ಮನೆಯವರ ಪಾಡು.

ಆ ಮನೆಯ ಅಜ್ಜಿ ಮೂರು ಸಲ ಕೇಳಿದ್ದರು. "ಬಾತ್‌ರೂಮಿಗೊಂದು ಹಿಡಿಕೆ ಹಾಕ್ಸಮ್ಮ. ಮೊನ್ನೆ ಹುಡುಕೋಷ್ಟರಲ್ಲಿ ತಡ ಆಗೋಯ್ತು. ಸೊಸೆ ಎದುರಿಗೇ ಬಟ್ಟೆ ಒದ್ದೆ."

"ರೂಢಿಯಾಗುತ್ತೆ ಬಿಡಿ ಅಜ್ಜಿ" ಎಂದು ನಕ್ಕುಬಿಟ್ಟಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಅವರೇ ಆ ಹಲಗೆಗೆ ಕೆಂಪು ಟೇಪಿನ ತುಂಡೊಂದನ್ನು ಅಂಟಿಸಿಕೊಂಡರು.

ಗೃಹಾಲಂಕಾರ ಪತ್ರಿಕೆಯೊಂದರ ಸಂಪಾದಕಿ ಮನೆ ನೋಡಲು ಬಂದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಆ ಟೇಪು ಕಿತ್ತದ್ದು. ಆಕೆ ಮೆಚ್ಚಿ ಅಚ್ಚು ಹಾಕಿದರಷ್ಟೇ ಸ್ಟುಡಿಯೋ ಉಳಿಯುತ್ತಿತ್ತು. ನಮಗೆ ಎರಡನೆಯ ಮನೆಯ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಮನೆಯಲ್ಲಿ ಅಜ್ಜಿಯೊಬ್ಬರೇ ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

ಸಂಪಾದಕಿ ಗೋಡೆ ಸವರಿದರು, "ವಾಹ್" ಎಂದರು, ಮೂರು ಲೋಟ ಜ್ಯೂಸ್ ಕುಡಿದರು. ಆಮೇಲೆ ಕಾಲು ಬದಲಿಸುತ್ತಾ ಮೆಲ್ಲಗೆ ಕೇಳಿದರು: "ಬಾತ್‌ರೂಮ್ ಎಲ್ಲಿ?"

"ಇಲ್ಲೇ ಮೇಡಂ" ಎಂದು ಠೀವಿಯಿಂದ ಒಂದು ಹಲಗೆ ಒತ್ತಿದೆ. ಚಪ್ಪಲಿ. ಇನ್ನೊಂದು ಒತ್ತಿದೆ. ಇಸ್ತ್ರಿಪೆಟ್ಟಿಗೆ. ಮೂರನೆಯದು ಜಗ್ಗಲೇ ಇಲ್ಲ. ನಕ್ಷೆ ಬರೆದವಳೇ ನಾನು. ಇಂಗು ತಿಂದ ಮಂಗನಂತಾದೆ. ಸಂಪಾದಕಿಯ ಮುಖ ಕೆಂಪೇರುತ್ತಿತ್ತು.

"ಅಜ್ಜೀ..."

"ರೂಢಿಯಾಗುತ್ತೆ ಕಣಮ್ಮ." ಅಜ್ಜಿ ತಲೆಯೆತ್ತಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅವರು ಅಂದು ಪಟ್ಟ ಅವಮಾನ ಈಗ ಅರ್ಥವಾಯಿತು. ನಿಜಕ್ಕೂ ನಾಚಿಕೆಯಾಯಿತು. "ತಪ್ಪಾಯ್ತಜ್ಜಿ. ನಾಳೇನೇ ಹಿಡಿಕೆ ಹಾಕಿಸ್ತೀನಿ."

"ದಪ್ಪದು. ಹಿತ್ತಾಳೇದು. ಕಣ್ಮುಚ್ಚಿದ್ರೂ ಕೈಗೆ ಸಿಗೋ ಅಂಥದ್ದು."

"ಹೂಂ ಅಜ್ಜಿ, ಹೂಂ!"

ಅಜ್ಜಿ ನಿಧಾನವಾಗಿ ಎದ್ದು ಬಂದು ಒಂದು ಹಲಗೆಯನ್ನು ಮೊಣಕೈಯಿಂದ ತಿವಿದರು. ಸಂಪಾದಕಿ ಒಳಗೆ ನುಗ್ಗಿದರು. ಬಾಗಿಲು ಮುಚ್ಚಿಕೊಂಡು ಮತ್ತೆ ಗೋಡೆಯಾಯಿತು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಐದು ನಿಮಿಷ ಕಳೆಯಿತು. ಒಳಗಿನ ನಾಲ್ಕೂ ಗೋಡೆಗೆ ಅದೇ ಬೂದು ಹಲಗೆ ಹೊಡೆಸಿದ್ದು ನನಗೆ ಆಗ ನೆನಪಾಯಿತು. ಒಂದೊಂದನ್ನೇ ಢಬ್ ಢಬ್ ಎಂದು ಗುದ್ದುವ ಸದ್ದು ಕೇಳಿಸಿತು, ಆಮೇಲೆ ಕೂಗು: "ಯಾರಾದ್ರೂ ಇದ್ದೀರಾ?"

ಅಜ್ಜಿ ಮತ್ತೆ ಬಟಾಣಿಗೆ ಕೈ ಹಾಕಿದರು.

"ಒಳಗಡೆಗೂ ಒಂದು ಅಂತ ಬರ್ಕೋ" ಎಂದರು.