ಹಿರೇಹಳ್ಳದ ನಡುನೀರಿನಲ್ಲಿ

ನಾನೊಂದು ಹೆಣ್ಣು ಕುದುರೆ. ಹುಟ್ಟಿದ್ದು ದಾರಿಯಲ್ಲೇ. ಕುರಿಗಾರರು ಹೇರು ಇಳಿಸಿದ ಸ್ವಲ್ಪ ಹೊತ್ತಿಗೆ ತಾಯಿ ನನ್ನನ್ನು ಹೆತ್ತಳು; ಮರುದಿನವೇ ಮುಗ್ಗರಿಸುತ್ತ ಅವಳ ಹಿಂದೆ ನಡೆದೆ. ದೊಡ್ಡವಳಾದ ಮೇಲೆ ಇಟ್ಟಂಗಿ ಭಟ್ಟಿಗೆ ಮಾರಿದರು. ಅಲ್ಲಿಂದ ಬಿಡಿಸಿ ತಂದವನು ರಾಯಬಾಗದ ಕಡೆಯ ಕುರಿಗಾರ ಸತ್ತೆಪ್ಪ.

ದೀಪಾವಳಿ ಮುಗಿಸಿ ಕುರಿ ಮೇಯಿಸಲು ಹೊರಟರೆ ಅವರಿಗೆ ಮತ್ತೆ ಊರು ಕಾಣುತ್ತಿದ್ದುದು ಮುಂಗಾರಿಗೇ. ಸತ್ತೆಪ್ಪ ಕುರಿಗಳೊಂದಿಗೆ ಮುಂದೆ, ಅವನ ಹೆಂಡತಿ ಮಾಯವ್ವ ನನ್ನ ಹಗ್ಗ ಹಿಡಿದು ಹಿಂದೆ. ಪಾತ್ರೆ, ಜೋಳದ ಚೀಲ, ಕಂಬಳಿ, ನಡೆಯಲಾರದ ಕುರಿಮರಿಗಳು, ಹೀಗೆ ಇಡೀ ಮನೆ ನನ್ನ ಬೆನ್ನ ಮೇಲೆ. ನಾನು ಬಂದ ಏಳನೆಯ ವರ್ಷ ಅದರ ಮೇಲೆ ಅವರ ಎಂಟು ತಿಂಗಳ ಕೂಸು ನೀಲವ್ವನನ್ನೂ ಸೀರೆಯಿಂದ ಕಟ್ಟಿದರು.

ಪ್ರತಿ ವರ್ಷ ದಾರಿಯಲ್ಲಿ ಸಿಗುವ ಹಿರೇಹಳ್ಳವನ್ನು ಎಲ್ಲಿ ದಾಟಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ವರ್ಷ ಹಳ್ಳ ದಾಟುವ ಬೆಳಿಗ್ಗೆ ಸತ್ತೆಪ್ಪ ಕುರಿಗಳನ್ನು ದೂರದ ಸೇತುವೆಯ ಮೇಲೆ ಹೊಡೆದುಕೊಂಡು ಹೋಗಿದ್ದ. ನೀರಿನ ಬಣ್ಣ ಬೇರೆ ಕಾಣುತ್ತದೆ ಎನ್ನುತ್ತ ಮಾಯವ್ವ ಕೋಲು ಹಾಕಿ ನೋಡಲು ಬಗ್ಗಿದಳು. ನಾನು ಕಾಯಲಿಲ್ಲ. ಗೊತ್ತಿರುವ ದಾರಿ ಎಂಬ ಸೊಕ್ಕು. ಹಗ್ಗ ಅವಳ ಕೈಯಿಂದ ಜಾರಿತು.

ಹತ್ತು ಹೆಜ್ಜೆಗೆ ಕಾಲಡಿ ನೆಲವೇ ಇರಲಿಲ್ಲ. ಯಾರೋ ಮರಳು ತೆಗೆದು ಗುಂಡಿ ಬಿಟ್ಟಿದ್ದರು. ಮುಂಗಾಲುಗಳು ಕೆಸರಿನಲ್ಲಿ ಹೂತವು, ನೀರು ಎದೆಗೆ ಬಂತು. ಕೂಸು ಚೀರಿತು. ಮೈ ಕೊಡವಿ ಜಿಗಿಯಬೇಕೆನಿಸಿತು. ಆದರೆ ಹೇರು ಆಗಲೇ ಒಂದು ಬದಿಗೆ ವಾಲಿತ್ತು. ಜಿಗಿದರೆ ಕೂಸು ನೀರಿನೊಳಗೆ.

"ಹಂಗ ನಿಂದ್ರವ್ವ," ಎಂದಳು ಮಾಯವ್ವ. ದನಿ ನಡುಗುತ್ತಿತ್ತು, ಆದರೆ ಏರಲಿಲ್ಲ. "ನಾ ಬರತೀನಿ. ಅಲಗಾಡಬ್ಯಾಡ."

ನಿಂತೆ. ಕೆಸರು ನನ್ನನ್ನು ಒಳಗೆಳೆಯುತ್ತಲೇ ಇತ್ತು. ಕೋಲಿನಿಂದ ತಳ ತಡಕುತ್ತ ಅವಳು ಬಂದಳು. ಕೂಸನ್ನು ಕಟ್ಟಿದ್ದ ಸೀರೆಯ ಒದ್ದೆ ಗಂಟು ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಕೂಸು ಅವಳ ಹೆಗಲೇರುವಷ್ಟರಲ್ಲಿ ನೀರು ನನ್ನ ಕುತ್ತಿಗೆ ಮುಟ್ಟಿತ್ತು.

ಕೂಸನ್ನು ದಂಡೆಯಲ್ಲಿ ಮಲಗಿಸಿದಳು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವಳು ಮತ್ತೆ ಇಳಿದು ಬಂದಳು. ಮರಿಗಳನ್ನೆತ್ತಿ ದಡ ಸೇರಿಸಿದಳು, ದಡದಿಂದ ಚೂಪು ಕಲ್ಲೊಂದನ್ನು ತಂದು ಹೇರಿನ ಹಗ್ಗ ಕೊಯ್ದಳು. ಜೋಳ, ಪಾತ್ರೆ ಎಲ್ಲವೂ ಕೊಚ್ಚಿಹೋದವು. ಹಗುರಾದ ನಾನು ಒದ್ದಾಡಿ ದಡ ಹತ್ತಿದೆ. ಬಲ ಮುಂಗಾಲು ತಿರುಚಿಹೋಗಿತ್ತು.

ಕುಂಟು ಕುದುರೆಯನ್ನು ಕಟ್ಟಿಕೊಂಡು ದಾರಿ ಸಾಗದು, ಮಾರಿಬಿಡೋಣ ಎಂದ, ಸೇತುವೆ ದಾಟಿ ಬಂದು ಸೇರಿದ ಸತ್ತೆಪ್ಪ.

"ಮಾರೂದು ಬ್ಯಾಡ," ಎಂದಳು ಮಾಯವ್ವ. "ನಿಂದ್ರು ಅಂದಾಗ ನಿಂತೈತಿ ಅದು."

ಈಗ ನಾನು ಅವರ ಊರಿನ ಹೊಲದ ಬದುವಿನಲ್ಲಿ ಮೇಯುತ್ತೇನೆ. ಕಂಡ ಹಳ್ಳವೂ ಪ್ರತಿ ವರ್ಷ ಹೊಸದು ಎಂಬುದನ್ನು ನನ್ನ ಸೊಕ್ಕೇ ನನಗೆ ಕಲಿಸಿತು. ಹೆದರಿಕೆ 'ಓಡು' ಎಂದಾಗಲೂ ನಿಲ್ಲಬಹುದು ಎಂಬುದನ್ನು ಮಾಯವ್ವನಿಂದ ಕಲಿತೆ. ಮುಂಗಾರಿಗೆ ಅವರು ಮರಳಿದಾಗ, ಎಲ್ಲರಿಗಿಂತ ಮೊದಲು ನೀಲವ್ವ ಓಡಿಬಂದು ನನ್ನ ಸೊಟ್ಟ ಕಾಲು ನೀವುತ್ತಾಳೆ. ಅದು ಹೇಗೆ ಸೊಟ್ಟಾಯಿತೆಂದು ಅವಳಿಗೆ ನೆನಪಿಲ್ಲ. ಇಲ್ಲದಿದ್ದರೇ ಒಳ್ಳೆಯದು.